ಕಾರ್ಡ್ ಅವನ ಹೆಸರಲ್ಲಿ, ಸಾಲ ಯಾರ ತಲೆ ಮೇಲೆ?

ಸಾಮಾನ್ಯವಾಗಿ ನಾನು ಇಲ್ಲಿ ಹಬ್ಬದ ಬಗ್ಗೆಯೋ, ಗಾದೆಗಳ ಬಗ್ಗೆಯೋ, ಹಳೆಯ ಕಾವ್ಯದ ಬಗ್ಗೆಯೋ ಮಾತಾಡುತ್ತೇನೆ. ಈ ಸಲ ಕ್ರೆಡಿಟ್ ಕಾರ್ಡ್ ಸಾಲದ ಬಗ್ಗೆ. ಹೊಸದಾಗಿ ಮದುವೆಯಾದವರು, ಮದುವೆಗೆ ಹಾಲ್ ಹುಡುಕುತ್ತಿರುವವರು, "ಅಮ್ಮಾ, ಇನ್ನೂ ಐದು ವರ್ಷ ಆ ಮಾತು ಬೇಡ" ಅನ್ನುತ್ತಿರುವವರು, ಮೂರು ಗುಂಪಿನವರೂ ಸ್ವಲ್ಪ ಕೂತು ಓದಿ.

ಹದಿನೆಂಟು ವರ್ಷದ ಹಿಂದೆ ಶನಿವಾರದ ಕನ್ನಡ ತರಗತಿಯಲ್ಲಿ ನನ್ನ ಹತ್ತಿರ ಅ ಆ ಇ ಈ ತಿದ್ದಿದ ಹುಡುಗಿಯೊಬ್ಬಳು ಹೋದ ವರ್ಷ ಫೋನ್ ಮಾಡಿದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅವಳಿಗೆ ಮದುವೆಯಾಗಿ ನಾಲ್ಕು ವರ್ಷ. ಇಬ್ಬರಿಗೂ ಒಳ್ಳೆಯ ಕೆಲಸ. ಒಂದು ದಿನ ಅಂಚೆ ಡಬ್ಬಿಯಲ್ಲಿ ಗಂಡನ ಹೆಸರಿಗೆ ಸಾಲ ವಸೂಲಿ ಮಾಡುವವರ ಪತ್ರ ಬಂದಿತ್ತು. ವಿಚಾರಿಸಿದಾಗ ಗೊತ್ತಾಯಿತು, ಮೂರು ಕಾರ್ಡುಗಳಲ್ಲಿ ಒಟ್ಟು 41 ಸಾವಿರ ಡಾಲರ್ ಬಾಕಿ. ಊರಿನಲ್ಲಿ ಅವನ ತಂದೆಯ ಆಪರೇಷನ್‌ಗೆ ಒಂದಿಷ್ಟು ಹೋಗಿತ್ತು. ಷೇರು ಪೇಟೆಯಲ್ಲಿ ಆಪ್ಷನ್ಸ್ ಆಡಿ ಕಳೆದುಕೊಂಡ ದುಡ್ಡನ್ನು ತುಂಬಿಸಲು ಹೋಗಿ ಉಳಿದದ್ದು ಹೋಗಿತ್ತು.

"ಆಂಟಿ, ಮೂರು ಕಾರ್ಡಿನಲ್ಲೂ ನನ್ನ ಹೆಸರಿಲ್ಲ. ನಾನು ಎಲ್ಲೂ ಸೈನ್ ಮಾಡಿಲ್ಲ. ನನ್ನ ಸಂಬಳ ನನ್ನ ಅಕೌಂಟಿಗೇ ಬರುತ್ತೆ. ನಂಗೇನೂ ಆಗಲ್ಲ ಅಲ್ವಾ?" ಅಂತ ಕೇಳಿದಳು.

ನಾನು ಧೈರ್ಯವಾಗಿ, "ಏನೂ ಆಗಲ್ಲಮ್ಮ, ಸೈನ್ ಮಾಡಿದವರದ್ದೇ ಸಾಲ" ಅಂದುಬಿಟ್ಟೆ.

ಅದು ತಪ್ಪು. ಮೈಸೂರಿನಲ್ಲಿ ಬೆಳೆದ ನನ್ನ ತಲೆಯಲ್ಲಿ ಇದ್ದದ್ದು ಊರಿನ ಲೆಕ್ಕ. ಒಂದು ವಾರದ ನಂತರ ವಕೀಲೆಯಾಗಿರುವ ಗೆಳತಿಯೊಬ್ಬರ ಮುಂದೆ ಇದೇ ಮಾತು ಆಡಿದಾಗ ಅವರು ತಲೆ ಚಚ್ಚಿಕೊಂಡು, "ನೀನು ಎಲ್ಲಿದ್ದೀಯಾ? ಇದು ಕ್ಯಾಲಿಫೋರ್ನಿಯಾ" ಅಂದರು. ಆ ಸಂಜೆಯೇ ಹುಡುಗಿಗೆ ಫೋನ್ ಮಾಡಿ, "ನಾನು ಹೇಳಿದ್ದು ತಪ್ಪು ಪುಟ್ಟಾ" ಅಂದೆ. ಆಮೇಲೆ ನಾನೂ ಕೂತು ಓದಿದೆ, ಕೇಳಿದೆ. ನಾನು ವಕೀಲೆ ಅಲ್ಲ. ನಿಮ್ಮ ಸ್ವಂತ ಸಂದರ್ಭಕ್ಕೆ ವಕೀಲರನ್ನೇ ಕೇಳಬೇಕು. ಆದರೆ ಏನು ಕೇಳಬೇಕು ಅನ್ನುವುದಾದರೂ ಗೊತ್ತಿರಲಿ ಅಂತ ಈ ಮಾತು.

ಮೊದಲ ವಿಷಯ. ಅಮೆರಿಕದ 50 ರಾಜ್ಯಗಳಲ್ಲಿ 9 ರಾಜ್ಯಗಳು ಕಮ್ಯುನಿಟಿ ಪ್ರಾಪರ್ಟಿ ರಾಜ್ಯಗಳು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್, ಅರಿಜೋನಾ, ನೆವಾಡಾ, ನ್ಯೂ ಮೆಕ್ಸಿಕೋ, ಐಡಾಹೋ, ಲೂಯಿಸಿಯಾನಾ, ವಿಸ್ಕಾನ್ಸಿನ್. ಇಲ್ಲಿ ಕಮ್ಯುನಿಟಿ ಅಂದರೆ ನಮ್ಮ ಕನ್ನಡ ಕೂಟ ಅಲ್ಲ, ಗಂಡ ಹೆಂಡತಿ ಇಬ್ಬರೇ. ಮದುವೆಯಾದ ಮೇಲೆ ಇಬ್ಬರಲ್ಲಿ ಯಾರು ದುಡಿದರೂ ಅದು ಇಬ್ಬರ ಜಂಟಿ ಆಸ್ತಿ. ಸಂಬಳ ಯಾರ ಅಕೌಂಟಿಗೆ ಬಂತು, ಕಾರು ಯಾರ ಹೆಸರಿನಲ್ಲಿದೆ ಅನ್ನುವುದು ಅಷ್ಟು ಮುಖ್ಯವಲ್ಲ. ಈ ಪದ್ಧತಿ ಇಂಗ್ಲಿಷರದ್ದಲ್ಲ, ಸ್ಪೇನಿನದು. ಕ್ಯಾಲಿಫೋರ್ನಿಯಾ ಮೊದಲು ಸ್ಪೇನಿನ ಕೈಯಲ್ಲಿ, ಆಮೇಲೆ ಮೆಕ್ಸಿಕೋದ ಕೈಯಲ್ಲಿ ಇತ್ತಲ್ಲ. 1849ರಲ್ಲಿ ಮಾಂಟೆರೆಯಲ್ಲಿ ರಾಜ್ಯದ ಮೊದಲ ಸಂವಿಧಾನ ಬರೆದಾಗ ಆ ಪದ್ಧತಿಯನ್ನು ಉಳಿಸಿಕೊಂಡರು. ಆದರೆ ಜಂಟಿ ಆಸ್ತಿ ಅಂದರೂ ಬಹಳ ಕಾಲ ಅದರ ಯಜಮಾನಿಕೆ ಗಂಡನದೇ ಆಗಿತ್ತು. ಅದನ್ನು ನೋಡಿಕೊಳ್ಳುವ ಸಮಾನ ಅಧಿಕಾರ ಹೆಂಡತಿಗೆ ಸಿಕ್ಕಿದ್ದು 1975ರಲ್ಲಿ.

ಆಸ್ತಿ ಇಬ್ಬರದು ಅಂದಮೇಲೆ ಸಾಲ? ಇಲ್ಲೇ ನಾನು ಎಡವಿದ್ದು. ಕ್ಯಾಲಿಫೋರ್ನಿಯಾ ಫ್ಯಾಮಿಲಿ ಕೋಡ್‌ನ 910ನೇ ಸೆಕ್ಷನ್ ಪ್ರಕಾರ, ಇಬ್ಬರಲ್ಲಿ ಒಬ್ಬರು ಮಾಡಿದ ಸಾಲಕ್ಕೂ ಇಡೀ ಜಂಟಿ ಆಸ್ತಿ ಹೊಣೆ. ಮದುವೆಯಾದ ಮೇಲೆ ಮಾಡಿದ ಸಾಲಕ್ಕೆ ಮಾತ್ರವಲ್ಲ, ಮದುವೆಗೆ ಮೊದಲು ಮಾಡಿದ ಸಾಲಕ್ಕೂ. ಅಂದರೆ ನನ್ನ ಹುಡುಗಿ ಸಾಲಗಾರಳಲ್ಲ, ನಿಜ. ಆದರೆ ಅವಳ ಸಂಬಳ ಜಂಟಿ ಆಸ್ತಿಯ ಒಂದು ಭಾಗ. ಬ್ಯಾಂಕು ಗಂಡನ ಮೇಲೆ ಕೋರ್ಟಿನಲ್ಲಿ ತೀರ್ಪು ಪಡೆದರೆ ಆ ಸಂಬಳದ ಕಡೆಗೂ ಕೈ ಚಾಚಬಹುದು. ಅದಕ್ಕೆ ಒಂದು ತಡೆ ಇದೆ. ಸಾಲಗಾರನ ಹೆಂಡತಿಯ ಸಂಬಳದಿಂದ ಕಡಿತ ಮಾಡಬೇಕಾದರೆ ಬ್ಯಾಂಕು ಕೋರ್ಟಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಿ, ಮೊದಲೇ ತಿಳಿಸಿ, ಅಪ್ಪಣೆ ಪಡೆಯಬೇಕು. ಇದು ಗಂಡ ಹೆಂಡತಿ ಇಬ್ಬರಿಗೂ ಒಂದೇ ರೀತಿ ಅನ್ವಯಿಸುತ್ತದೆ. ಹೆಂಡತಿ ಸಾಲ ಮಾಡಿದ್ದರೆ ಗಂಡನ ಸಂಬಳ.

ಹಾಗಾದರೆ ನಮ್ಮದು ಅಂತ ಏನೂ ಉಳಿಯುವುದಿಲ್ಲವೇ? ಉಳಿಯುತ್ತದೆ. ಮದುವೆಗೆ ಮುಂಚೆಯೇ ನಿಮ್ಮದಾಗಿದ್ದದ್ದು, ಮದುವೆಯ ನಂತರವೂ ನಿಮಗೊಬ್ಬರಿಗೇ ಉಡುಗೊರೆಯಾಗಿ ಅಥವಾ ಪಿತ್ರಾರ್ಜಿತವಾಗಿ ಬಂದದ್ದು, ಇವು ನಿಮ್ಮ ಸ್ವಂತ ಆಸ್ತಿ. ಅಜ್ಜಿ ನಿಮಗೆ ಅಂತಲೇ ಕೊಟ್ಟ ಅವಲಕ್ಕಿ ಸರ, ಜಯನಗರದ ಹಳೆಯ ಮನೆ ಮಾರಿದಾಗ ನಿಮ್ಮ ಪಾಲಿಗೆ ಬಂದ ದುಡ್ಡು, ಇಂಥವು. 913ನೇ ಸೆಕ್ಷನ್ ಪ್ರಕಾರ ಸಂಗಾತಿಯ ಸಾಲಕ್ಕೆ ಇವನ್ನು ಮುಟ್ಟುವಂತಿಲ್ಲ. ಆದರೆ ಆ ದುಡ್ಡನ್ನು ತಂದು ಜಂಟಿ ಅಕೌಂಟಿಗೆ ಸುರಿದು, ದಿನಸಿಗೂ ಬಾಡಿಗೆಗೂ ಅದರಿಂದಲೇ ಖರ್ಚು ಮಾಡಿದಿರೋ, ಯಾವುದು ಅಜ್ಜಿಯದು ಯಾವುದು ಸಂಬಳದ್ದು ಅಂತ ಆಮೇಲೆ ತೋರಿಸುವುದು ಕಷ್ಟ. ಹಾಲಿಗೆ ನೀರು ಬೆರೆಸಿದ ಮೇಲೆ ಬೇರೆ ಮಾಡಲು ಹಂಸಪಕ್ಷಿಯೇ ಬರಬೇಕು. ಅದನ್ನು ಪ್ರತ್ಯೇಕ ಅಕೌಂಟಿನಲ್ಲಿಟ್ಟು ಕಾಗದಪತ್ರ ಜೋಪಾನ ಮಾಡಿ.

ಒಂದು ವಿನಾಯಿತಿಯೂ ಇದೆ. ಜೊತೆಯಲ್ಲಿ ಬಾಳುತ್ತಿರುವಾಗ ಊಟ, ಮನೆ, ವೈದ್ಯರಂಥ ಬದುಕಿನ ಅಗತ್ಯಗಳಿಗೆ ಸಂಗಾತಿ ಸಾಲ ಮಾಡಿದರೆ ಅದಕ್ಕೆ ಇನ್ನೊಬ್ಬರು ಸ್ವತಃ ಹೊಣೆಯಾಗುತ್ತಾರೆ. ಇದು 914ನೇ ಸೆಕ್ಷನ್. ಇಂಥ ಸಾಲಕ್ಕೆ ಸ್ವಂತ ಆಸ್ತಿಯ ಬೇಲಿಯೂ ಪೂರ್ತಿ ರಕ್ಷಣೆ ಕೊಡುವುದಿಲ್ಲ.

ನಿಮ್ಮ ವಯಸ್ಸಿನವರಿಗೆ ತುಂಬಾ ಉಪಯೋಗಕ್ಕೆ ಬರುವುದು 911ನೇ ಸೆಕ್ಷನ್. ಸಂಗಾತಿ ಮದುವೆಗೆ ಮೊದಲೇ ಮಾಡಿಕೊಂಡು ಬಂದ ಸಾಲ ಇದೆ ಅಂತಿಟ್ಟುಕೊಳ್ಳಿ, ಕಾಲೇಜಿನ ದಿನಗಳ ಕಾರ್ಡ್ ಬಾಕಿ ಇರಬಹುದು. ಜಂಟಿ ಆಸ್ತಿ ಅದಕ್ಕೆ ಹೊಣೆ ಅಂದೆನಲ್ಲ, ಆದರೆ ನಿಮ್ಮ ಸಂಬಳಕ್ಕೆ ಅಲ್ಲಿ ರಕ್ಷಣೆ ಇದೆ. ಷರತ್ತು ಏನೆಂದರೆ, ಆ ಸಂಬಳ ಸಂಗಾತಿಗೆ ಹಣ ತೆಗೆಯುವ ಹಕ್ಕಿಲ್ಲದ ಅಕೌಂಟಿನಲ್ಲಿರಬೇಕು, ಬೇರೆ ಜಂಟಿ ದುಡ್ಡಿನ ಜೊತೆ ಬೆರೆತಿರಬಾರದು. ಮದುವೆಯಾದ ವಾರವೇ ಪ್ರೀತಿಯಿಂದ ಎಲ್ಲ ಅಕೌಂಟುಗಳನ್ನೂ ಒಂದು ಮಾಡಿಬಿಡುವವರು ಇದನ್ನು ಒಮ್ಮೆ ಯೋಚಿಸಿ.

ಇಷ್ಟು ಹೊತ್ತು ಹೇಳಿದ್ದು ಬ್ಯಾಂಕಿಗೂ ನಿಮಗೂ ನಡುವಿನ ಪ್ರಶ್ನೆ. ಇನ್ನೊಂದು ಪ್ರಶ್ನೆ ಗಂಡ ಹೆಂಡತಿಯ ನಡುವಿನದು. ಒಂದು ವೇಳೆ ಬೇರೆಯಾದರೆ ಆ ಸಾಲ ಯಾರ ಪಾಲಿಗೆ ಹೋಗುತ್ತದೆ? ಇವೆರಡನ್ನೂ ಕಲಸಿಕೊಂಡು ಗೊಂದಲವಾಗುವವರೇ ಹೆಚ್ಚು.

ವಿಚ್ಛೇದನದ ಕೋರ್ಟಿನಲ್ಲಿ ಸಾಲ ಯಾಕಾಗಿ ಮಾಡಿದ್ದು ಅನ್ನುವುದು ಮುಖ್ಯವಾಗುತ್ತದೆ. ಮದುವೆಯ ಕಾಲದಲ್ಲಿ ಸಂಸಾರಕ್ಕಾಗಿ ಮಾಡಿದ ಸಾಲವನ್ನು ಸಾಧಾರಣವಾಗಿ ಇಬ್ಬರಿಗೂ ಹಂಚುತ್ತಾರೆ. ಸಂಸಾರಕ್ಕೆ ಪ್ರಯೋಜನವಿಲ್ಲದ ಸಾಲವನ್ನು ಮಾಡಿದವರ ಪಾಲಿಗೇ ಬಿಡಬೇಕು ಅನ್ನುತ್ತದೆ 2625ನೇ ಸೆಕ್ಷನ್. ಹೊರಗಿನ ಸಂಬಂಧಕ್ಕೆ ಕೊಡಿಸಿದ ಉಡುಗೊರೆ ಸಂಸಾರದ ಖರ್ಚಲ್ಲ, ಅದು ಸುಲಭ. ಆದರೆ ನನ್ನ ಹುಡುಗಿಯ ಮನೆಯ ಸಾಲ ನೋಡಿ. ಮಾವನ ಆಪರೇಷನ್ ಸಂಸಾರದ ಖರ್ಚೇ? ಷೇರಿನಲ್ಲಿ ಕಳೆದದ್ದು? ಲಾಭ ಬಂದಿದ್ದರೆ ಅದು ಇಬ್ಬರಿಗೂ ಸೇರುತ್ತಿತ್ತು, ನಷ್ಟ ಬಂದಾಗ ಮಾತ್ರ ಒಬ್ಬನದು ಅನ್ನಲಾದೀತೇ ಅಂತ ಅವನ ವಕೀಲರು ಕೇಳಬಹುದು. ನನಗೆ ಹೇಳದೆ, ನನ್ನಿಂದ ಮುಚ್ಚಿಟ್ಟು ಮಾಡಿದ್ದು ಅಂತ ಇವಳ ವಕೀಲರು ಹೇಳಬಹುದು. ಇಲ್ಲಿನ ಕಾನೂನಿನಲ್ಲಿ ಹಣಕಾಸಿನ ವಿಷಯದಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಪಾಲುದಾರರಷ್ಟೇ ನಿಷ್ಠೆಯಿಂದ ಇರಬೇಕು, ಕೇಳಿದಾಗ ಲೆಕ್ಕ ತೋರಿಸಬೇಕು. ಇಂಥ ಕಡೆ ತೀರ್ಮಾನ ನ್ಯಾಯಾಧೀಶರದ್ದು.

ಇದನ್ನು ಓದುವಾಗ ಕನ್ನಡ ಎಂ.ಎ. ಓದಿದ ನನಗೆ ಕಲ್ಯಾಣ ನೆನಪಾಯಿತು. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಮುಂದೆ ಬ್ರಿಟಿಷರ ಕಾಲದಲ್ಲಿ ಬಂಗಾಳವನ್ನು ಬಿಟ್ಟು ಭಾರತದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳಿಗೆ ಅದೇ ಆಧಾರವಾಯಿತು. ಆ ಸ್ಮೃತಿಯಲ್ಲಿ ಸಾಲದ ಪ್ರಕರಣವೇ ಇದೆ. ಗಂಡನೋ ಮಗನೋ ಮಾಡಿದ ಸಾಲವನ್ನು ಹೆಂಗಸು ತೀರಿಸಬೇಕಿಲ್ಲ, ಹೆಂಡತಿ ಮಾಡಿದ್ದನ್ನು ಗಂಡ ತೀರಿಸಬೇಕಿಲ್ಲ, ಕುಟುಂಬಕ್ಕಾಗಿ ಮಾಡಿದ್ದರೆ ಮಾತ್ರ ಬೇರೆ ಮಾತು ಎಂಬುದು ಅದರ ತಾತ್ಪರ್ಯ. ಹೆಂಡತಿ ತಾನೇ ಒಪ್ಪಿಕೊಂಡ ಸಾಲ, ಗಂಡನ ಜೊತೆ ಸೇರಿ ಮಾಡಿದ ಸಾಲ, ತಾನೇ ಮಾಡಿದ ಸಾಲ, ಇವನ್ನು ಮಾತ್ರ ಅವಳು ತೀರಿಸಬೇಕು. ತಂದೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನಿಗೂ ಅಂಟುವುದಿಲ್ಲ. ತಂದೆಯ ಉಳಿದ ಸಾಲಗಳನ್ನು ತೀರಿಸುವುದು ಮಗನ ಧರ್ಮ ಎಂಬ ಹಳೆಯ ನಿಯಮವನ್ನು ಭಾರತ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ ಕೈಬಿಟ್ಟಿತು.

ಸುಮಾರು ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಕೂತವರು ಕೇಳಿದ ಪ್ರಶ್ನೆಯನ್ನೇ ಸ್ಯಾನ್ ಹೋಸೆಯ ಫ್ಯಾಮಿಲಿ ಕೋರ್ಟಿನಲ್ಲಿ ಇವತ್ತೂ ಕೇಳುತ್ತಾರೆ, ಈ ದುಡ್ಡು ಸಂಸಾರಕ್ಕೆ ಹೋಯಿತೇ ಅಂತ. ವ್ಯತ್ಯಾಸ ಏನೆಂದರೆ, ಕ್ಯಾಲಿಫೋರ್ನಿಯಾದಲ್ಲಿ ಆ ಪ್ರಶ್ನೆ ಗಂಡ ಹೆಂಡತಿಯ ನಡುವೆ ಪಾಲಾಗುವಾಗ ಬರುತ್ತದೆ. ಮದುವೆ ಇರುವವರೆಗೆ, ಜಂಟಿ ಆಸ್ತಿಗೆ ಕೈ ಹಾಕುವ ಬ್ಯಾಂಕು ಅದನ್ನು ಕೇಳಬೇಕಾಗಿಲ್ಲ. "ನಂಗೆ ಗೊತ್ತೇ ಇರಲಿಲ್ಲ" ಅನ್ನುವ ಉತ್ತರ ಬ್ಯಾಂಕಿನ ಮುಂದೆ ನಡೆಯುವುದಿಲ್ಲ.

ಬೇರೆಯಾದ ದಿನಾಂಕವೂ ಬಹಳ ಮುಖ್ಯ. ಅವತ್ತಿನಿಂದ ನಿಮ್ಮ ದುಡಿಮೆ ನಿಮ್ಮ ಸ್ವಂತದ್ದು. ಆ ದಿನ ಯಾವುದು ಅನ್ನುವುದರ ಮೇಲೆ ನಮ್ಮ ಅಲಮೀಡಾ ಕೌಂಟಿಯ ಒಂದು ಮೊಕದ್ದಮೆ ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು, ಡೇವಿಸ್ ಮೊಕದ್ದಮೆ ಅಂತ. ಒಂದೇ ಮನೆಯಲ್ಲಿದ್ದರೆ ಬೇರೆಯಾದಂತೆ ಅಲ್ಲ ಅಂತ 2015ರಲ್ಲಿ ಕೋರ್ಟು ಹೇಳಿತು. ಬೇ ಏರಿಯಾದ ಬಾಡಿಗೆಯಲ್ಲಿ ಮನಸ್ಸು ಮುರಿದ ದಿನವೇ ಎರಡನೆಯ ಮನೆ ಹಿಡಿಯಲು ಎಷ್ಟು ಜನರಿಗೆ ಸಾಧ್ಯ, ನೀವೇ ಹೇಳಿ. ಆಮೇಲೆ ಶಾಸಕಾಂಗ ಕಾನೂನು ಬದಲಿಸಿತು. 2017ರ ಜನವರಿ 1ರಿಂದ, ಮದುವೆ ಮುಗಿಯಿತು ಅಂತ ಒಬ್ಬರು ಇನ್ನೊಬ್ಬರಿಗೆ ತಿಳಿಸಿ, ನಡವಳಿಕೆಯೂ ಅದಕ್ಕೆ ತಕ್ಕಂತೆ ಇದ್ದರೆ ಅದೇ ಬೇರೆಯಾದ ದಿನ. ಆದ್ದರಿಂದ ಅಂಥ ಸ್ಥಿತಿ ಬಂದರೆ ಬಾಯಿಮಾತಲ್ಲಿ ಬಿಡಬೇಡಿ, ಇಮೇಲ್‌ನಲ್ಲೋ ಪತ್ರದಲ್ಲೋ ದಿನಾಂಕ ಸಹಿತ ಬರೆದು ಕಳಿಸಿ.

ಇನ್ನೊಂದು ಎಚ್ಚರಿಕೆ. ಕಾರ್ಡಿನಲ್ಲಿ ನಿಮ್ಮ ಹೆಸರು ಎರಡು ರೀತಿಯಲ್ಲಿ ಇರಬಹುದು. ಜಂಟಿ ಖಾತೆದಾರರಾದರೆ ಪೂರ್ತಿ ಸಾಲಕ್ಕೆ ನೀವೇ ಹೊಣೆ. ವಿಚ್ಛೇದನದ ತೀರ್ಪಿನಲ್ಲಿ "ಈ ಸಾಲ ಅವನು ಕಟ್ಟಬೇಕು" ಅಂತ ಬರೆದಿದ್ದರೂ ಅವನು ಕಟ್ಟದಿದ್ದರೆ ಬ್ಯಾಂಕು ನಿಮ್ಮನ್ನೇ ಕೇಳಬಹುದು, ಯಾಕೆಂದರೆ ಬ್ಯಾಂಕಿಗೆ ಕೊಟ್ಟ ಸಹಿ ನಿಮ್ಮದು. ಆಥರೈಸ್ಡ್ ಯೂಸರ್ ಮಾತ್ರ ಆಗಿದ್ದರೆ, ಅಂದರೆ ಅವರ ಖಾತೆಯ ಮೇಲೆ ನಿಮಗೊಂದು ಹೆಚ್ಚುವರಿ ಕಾರ್ಡು ಕೊಡಿಸಿದ್ದರೆ, ಬ್ಯಾಂಕಿನ ಜೊತೆ ಒಪ್ಪಂದ ಮಾಡಿಕೊಂಡವರು ನೀವಲ್ಲ. ಎಚ್4 ವೀಸಾದಲ್ಲಿ ಬಂದ ಎಷ್ಟೋ ಅಕ್ಕಂದಿರ ಕೈಯಲ್ಲಿರುವುದು ಇಂಥ ಕಾರ್ಡೇ. ತಾವು ಯಾವುದು ಅನ್ನುವುದೇ ಅವರಲ್ಲಿ ಹಲವರಿಗೆ ಗೊತ್ತಿಲ್ಲ. ಬ್ಯಾಂಕಿಗೆ ಒಂದು ಫೋನ್ ಮಾಡಿದರೆ ಹೇಳುತ್ತಾರೆ.

ನ್ಯೂಜೆರ್ಸಿಯ ಕಸಿನ್ ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬೇಡಿ. ನ್ಯೂಜೆರ್ಸಿ, ನ್ಯೂಯಾರ್ಕ್ ಮುಂತಾದ ರಾಜ್ಯಗಳಲ್ಲಿ ಒಬ್ಬರ ಹೆಸರಿನ ಕಾರ್ಡ್ ಸಾಲ ಸಾಧಾರಣವಾಗಿ ಅವರೊಬ್ಬರದೇ. ಕೆಲಸ ಬದಲಾಗಿ ಆಸ್ಟಿನ್‌ಗೋ ಸಿಯಾಟಲ್‌ಗೋ ಹೋದರೆ ಅದೂ ಕಮ್ಯುನಿಟಿ ಪ್ರಾಪರ್ಟಿ ರಾಜ್ಯವೇ, ಆದರೆ ಒಂಬತ್ತು ರಾಜ್ಯಗಳ ನಿಯಮಗಳೂ ಒಂದೇ ಅಲ್ಲ.

ಹಾಗಾದರೆ ಏನು ಮಾಡಬೇಕು?

ಮದುವೆಗೆ ಮೊದಲು ಇಬ್ಬರೂ ಕ್ರೆಡಿಟ್ ರಿಪೋರ್ಟ್ ತೆಗೆದು ಒಬ್ಬರಿಗೊಬ್ಬರು ತೋರಿಸಿ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಮೂರರದ್ದೂ ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ನಮ್ಮ ಹಿರಿಯರು ಜಾತಕ ತೋರಿಸದೆ ಮಾತುಕತೆಗೇ ಕೂರುತ್ತಿರಲಿಲ್ಲ. ಇದೂ ಒಂದು ಜಾತಕ ಅಂದುಕೊಳ್ಳಿ. ಮದುವೆಯಾದ ಮೇಲೂ ಮೂರು ತಿಂಗಳಿಗೊಮ್ಮೆ ನೋಡಿ. ಸಂಗಾತಿಯೊಬ್ಬರದೇ ಕಾರ್ಡಿನ ಸಾಲ ನಿಮ್ಮ ರಿಪೋರ್ಟಿನಲ್ಲಿ ಕಾಣುವುದಿಲ್ಲ, ಹಾಗಾಗಿ ಇಬ್ಬರದ್ದೂ ನೋಡಬೇಕು. ಮನೆ ಕೊಳ್ಳುವಾಗಲೂ ಇದು ಎದುರಾಗುತ್ತದೆ. ಎಫ್‌ಎಚ್‌ಎ ಸಾಲಕ್ಕೆ ನೀವೊಬ್ಬರೇ ಅರ್ಜಿ ಹಾಕಿದರೂ ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಸಂಗಾತಿಯ ಸಾಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಸಾಲದ ಲೆಕ್ಕ ದೊಡ್ಡದಿದ್ದರೆ ಮದುವೆಗೆ ಮೊದಲಿನ ಒಪ್ಪಂದದ ಬಗ್ಗೆ ವಕೀಲರ ಹತ್ತಿರ ಮಾತಾಡಿ. ದುಡಿಮೆ ಜಂಟಿಯಾಗದೆ ಅವರವರದ್ದೇ ಆಗಿರಲಿ ಅಂತ ಅದರಲ್ಲಿ ಬರೆಯಬಹುದು. ಒಪ್ಪಂದದ ಕೊನೆಯ ಪ್ರತಿ ಕೈಗೆ ಬಂದ ದಿನಕ್ಕೂ ಸಹಿ ಹಾಕುವ ದಿನಕ್ಕೂ ನಡುವೆ ಕಡೇಪಕ್ಷ 7 ದಿನ ಇರಬೇಕು ಅನ್ನುತ್ತದೆ ಇಲ್ಲಿನ ಕಾನೂನು. ಅಂದರೆ ಮೆಹೆಂದಿಯ ರಾತ್ರಿ ತಂದು ಮುಂದಿಟ್ಟರೆ ನಡೆಯದು. ಇದನ್ನು ಕೇಳಿ ನಿಮ್ಮ ಅಪ್ಪ ಅಮ್ಮ "ಶುಭಕಾರ್ಯದಲ್ಲಿ ಅಪಶಕುನದ ಮಾತೇಕೆ" ಅನ್ನಬಹುದು. ಈ ಲೇಖನ ಅವರಿಗೂ ಓದಿ ಹೇಳಿ.

ವಸೂಲಿಯವರ ಪತ್ರ ಬಂದರೆ ಬಿಸಾಡಬೇಡಿ. ಇದು ನನ್ನ ಸಾಲವಲ್ಲ, ಲೆಕ್ಕ ಸರಿಯಿಲ್ಲ ಅನ್ನಿಸಿದರೆ 30 ದಿನದೊಳಗೆ ಬರವಣಿಗೆಯಲ್ಲಿ ಕೇಳಿ, ಅವರು ಆಧಾರ ತೋರಿಸಬೇಕು. ಕೋರ್ಟಿನ ಸಮನ್ಸ್ ಕೈಗೆ ಕೊಟ್ಟರೆ ಉತ್ತರ ಸಲ್ಲಿಸಲು ಸಾಧಾರಣವಾಗಿ ಇರುವುದು 30 ದಿನ. ಸುಮ್ಮನಿದ್ದರೆ ಅವರ ಪರವಾಗಿ ತೀರ್ಪಾಗುತ್ತದೆ, ಸಂಬಳಕ್ಕೆ ಕೈ ಬರುವುದು ಆಮೇಲೆಯೇ. ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. ಪ್ರತಿ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲೂ ಉಚಿತ ಸೆಲ್ಫ್ ಹೆಲ್ಪ್ ಸೆಂಟರ್ ಇದೆ.

ನಿಮಗೆ ತಿಳಿಯದೆ ನಿಮ್ಮ ಹೆಸರಿನಲ್ಲೇ ಕಾರ್ಡ್ ತೆಗೆದಿದ್ದರೆ, ಹೆದರಿಸಿ ಸಹಿ ಹಾಕಿಸಿದ್ದರೆ, ಅದು ಸಂಸಾರದ ಸಾಲವಲ್ಲ, ಅನ್ಯಾಯ. 2023ರ ಜುಲೈ 1ರಿಂದ ಈಚೆಗೆ ಬಲವಂತದಿಂದ, ಮೋಸದಿಂದ ನಿಮ್ಮ ಹೆಸರಿಗೆ ಹೇರಿದ ಸಾಲವನ್ನು ಪ್ರಶ್ನಿಸಲು ಕ್ಯಾಲಿಫೋರ್ನಿಯಾದಲ್ಲಿ ಪ್ರತ್ಯೇಕ ಕಾನೂನೇ ಇದೆ. ಅಗತ್ಯ ದಾಖಲೆ ಕೊಟ್ಟರೆ ವಸೂಲಿ ನಿಲ್ಲಿಸಿ ಪರಿಶೀಲಿಸಬೇಕು. ಮೂರೂ ಸಂಸ್ಥೆಗಳಲ್ಲಿ ನಿಮ್ಮ ಕ್ರೆಡಿಟ್ ಫ್ರೀಜ್ ಮಾಡಿಸಿ, ಅದು ಉಚಿತ. ಮನೆಯಲ್ಲಿ ಭಯದ ವಾತಾವರಣ ಇದ್ದರೆ ದಕ್ಷಿಣ ಏಷ್ಯಾದ ಕುಟುಂಬಗಳಿಗಾಗಿಯೇ ಬೇ ಏರಿಯಾದಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಮೈತ್ರಿ ಇದೆ, ನಾರಿಕಾ ಇದೆ. ನಮ್ಮ ಮಾತು, ನಮ್ಮ ಮನೆಯ ರೀತಿ ಗೊತ್ತಿರುವವರು ಅಲ್ಲಿ ಸಿಗುತ್ತಾರೆ.

ನನ್ನ ಹುಡುಗಿಯ ಕಥೆ ಏನಾಯಿತು ಅಂತ ಕೇಳುತ್ತೀರಿ. ಅವಳ ಮನೆಯಲ್ಲಿ ಭಯ ಇರಲಿಲ್ಲ, ನಾಚಿಕೆ ಇತ್ತು. ಅಪ್ಪನ ಆಪರೇಷನ್‌ಗೆ ದುಡ್ಡು ಸಾಲದು ಅಂತ ಹೆಂಡತಿಗೆ ಹೇಳಲು ಅವನಿಗೆ ಮರ್ಯಾದೆ ಅಡ್ಡ ಬಂತು. ಅವಳಿಗೆ ಕೇಳಲು ಸಂಕೋಚ. ದುಡ್ಡಿನ ಲೆಕ್ಕ ಕೇಳಿದರೆ ನಂಬಿಕೆ ಇಲ್ಲ ಅಂದಂತೆ ಅಂತ ನಾವೇ ಅವಳಿಗೆ ಕಲಿಸಿದ್ದೆವಲ್ಲ! ಇಬ್ಬರೂ ಲಾಭಕ್ಕಾಗಿ ಅಲ್ಲದೆ ಸೇವೆ ಮಾಡುವ ಒಂದು ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗೆ ಹೋಗಿ, ಬಡ್ಡಿ ಇಳಿಸಿಕೊಂಡು, ತಿಂಗಳ ಕಂತು ಮಾಡಿಕೊಂಡಿದ್ದಾರೆ. ತೀರಲು ಇನ್ನೂ ಮೂರು ವರ್ಷ ಬೇಕು. ಮನೆ ಕೊಳ್ಳುವ ಯೋಚನೆ ಸದ್ಯಕ್ಕೆ ಇಲ್ಲ. ಅವಳಿಗೆ ಕೋಪ ಪೂರ್ತಿ ಹೋಗಿಲ್ಲ, ಹೋಗಬೇಕು ಅಂತ ನಾನೂ ಹೇಳಿಲ್ಲ. ಆದರೆ ತಿಂಗಳಿಗೊಂದು ಭಾನುವಾರ ದೋಸೆ ತಿಂದ ಮೇಲೆ ಅದೇ ಟೇಬಲ್ಲಿನಲ್ಲಿ ಇಬ್ಬರೂ ಲ್ಯಾಪ್‌ಟಾಪ್ ತೆಗೆದು ಎಲ್ಲ ಖಾತೆಗಳನ್ನೂ ನೋಡುತ್ತಾರಂತೆ.

ನಾನು ಅವಳಿಗೆ ಮೊದಲು ಹೇಳಿದ ತಪ್ಪು ಮಾತನ್ನು ನಿಮ್ಮಲ್ಲಿ ಯಾರಿಗೂ ಯಾವ ಆಂಟಿಯೂ ಹೇಳದಿರಲಿ ಅಂತಲೇ ಇಷ್ಟು ಉದ್ದ ಬರೆದೆ. ಕಾರ್ಡಿನ ಮೇಲೆ ಯಾರ ಹೆಸರಿದೆ ಅನ್ನುವುದಕ್ಕಿಂತ, ನೀವು ಯಾವ ರಾಜ್ಯದಲ್ಲಿ ಮದುವೆಯಾಗಿ ಬಾಳುತ್ತಿದ್ದೀರಿ ಅನ್ನುವುದು ಇಲ್ಲಿ ಮುಖ್ಯ. ಈ ಭಾನುವಾರ ಒಮ್ಮೆ ಕೂತು ನೋಡಿ, ಕೇಳಿ, ತೋರಿಸಿ. ಮುಂದಿನ ಸಲ ಮತ್ತೆ ಹಬ್ಬದ ಮಾತಿನ ಜೊತೆ ಬರುತ್ತೇನೆ.